ಗಣಿತ ಮೊದಲೇ ಇತ್ತಾ, ನಾವು ಮಾಡಿಕೊಂಡಿದ್ದಾ?

ಬಸವನಗುಡಿ ಅಮ್ಮ:
ನಿನ್ನೆ ಗಾಂಧಿಬಜಾರಿನಲ್ಲಿ ಹೂ ತಗೊಳ್ಳುವಾಗ ಏಳನೇ ಕ್ಲಾಸಿನ ಮಗಳು ಕೇಳಿದಳು. ಮೊಳ ಅನ್ನೋದು ಅವರವರ ಕೈ ಅಳತೆ, ನಾವು ಮಾಡಿಕೊಂಡಿದ್ದು. ಲೆಕ್ಕವೂ ಹಾಗೇ ಅಲ್ವಾ, ಮತ್ತೆ ಅದು ಯಾವಾಗಲೂ ನಿಜ ಹೇಗಾಗುತ್ತೆ ಅಂತ. ನಾವು ಬಲ್ಬನ್ನೂ 'ಕಂಡುಹಿಡಿದರು' ಅಂತೀವಿ, ನೆಪ್ಚೂನ್ ಗ್ರಹವನ್ನೂ 'ಕಂಡುಹಿಡಿದರು' ಅಂತೀವಿ. ಗಣಿತ ಇದರಲ್ಲಿ ಯಾವ ಥರ? ನನಗೆ ಉತ್ತರ ಹೊಳೆಯಲಿಲ್ಲ.

ಲೆಕ್ಕದ ಮೇಷ್ಟ್ರು:
13 ನಿಪ್ಪಟ್ಟು ಕೊಟ್ಟು ಸಮ ಸಾಲುಗಳಲ್ಲಿ ಜೋಡಿಸು ಅನ್ನಿ ಮೇಡಂ. ಎಲ್ಲವನ್ನೂ ಉದ್ದಕ್ಕೆ ಒಂದೇ ಸಾಲಲ್ಲಿ ಇಡೋದು ಬಿಟ್ಟರೆ ಬೇರೆ ದಾರಿಯಿಲ್ಲ. 'ಹದಿಮೂರು' ಅನ್ನೋ ಹೆಸರು ನಮ್ಮದು, ಆ ಹಠ ನಮ್ಮದಲ್ಲ.

ಇನ್ನೊಂದು, ನಮ್ಮ ಕಡೆಯದೇ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತೆ ಎಂದು ಬರೆದರು. ಅಷ್ಟು ದೊಡ್ಡ ಗಣಿತಜ್ಞರು, ಆದರೂ ಆ ಮಾತು ನಿಲ್ಲಲಿಲ್ಲ. 12ನ್ನು ಸೊನ್ನೆಯಿಂದ ಭಾಗಿಸಿ 12 ಬಂದರೆ, ಆ 12ನ್ನು ಸೊನ್ನೆಯಿಂದ ಗುಣಿಸಿದಾಗಲೂ 12 ಬರಬೇಕು. ಬರೋದು ಸೊನ್ನೆ. ಎಲ್ಲಾ ಸುಮ್ನೆ ನಾವು ಮಾಡಿಕೊಂಡಿದ್ದೇ ಆಗಿದ್ದರೆ ಅವರು ಬರೆದದ್ದೇ ನಡೀತಿತ್ತು.

ಪೀಣ್ಯ ಮೋಟಾರ್:
ಅರ್ಧ ಒಪ್ತೀನಿ ಮೇಷ್ಟ್ರೇ. ಅದೇ ಪುಸ್ತಕದಲ್ಲಿ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತಲೂ ಇದೆ. ಇಟಲಿಯ ಬೊಂಬೆಲ್ಲಿ 1572ರಲ್ಲಿ ಅಂಥ ವರ್ಗಮೂಲಗಳಿಗೂ ಲೆಕ್ಕದ ನಿಯಮ ಬರೆದ. ಫ್ಯಾಕ್ಟರಿಯಲ್ಲಿ ಮೋಟಾರ್‌ಗಳ ಪವರ್ ಫ್ಯಾಕ್ಟರ್ (ಎಳೆದುಕೊಂಡ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬರುತ್ತೆ ಅನ್ನೋ ಅಳತೆ) ಸರಿ ಮಾಡೋಕೆ ಎಷ್ಟು ಕೆಪಾಸಿಟರ್ ಬೇಕು ಅಂತ ನಾನು ಲೆಕ್ಕ ಹಾಕೋದು ಅದೇ ಮೈನಸ್ ಒಂದರ ವರ್ಗಮೂಲ ಇಟ್ಟುಕೊಂಡು, ಕೆಪಾಸಿಟರ್ ಹಾಕಿದ ಮೇಲೆ ಮೀಟರ್ ನೋಡಿದರೆ ಮುಳ್ಳು ಲೆಕ್ಕ ಹೇಳಿದ ಜಾಗದ ಹತ್ತಿರವೇ ಬಂದು ನಿಂತಿರುತ್ತೆ. ನನ್ನ ಪ್ರಕಾರ ಆ ಸಂಖ್ಯೆ ನಾವು ಕಟ್ಟಿದ್ದೇ. ಕಟ್ಟಿದ ಮೇಲೆ ಅದರಿಂದ ಏನು ಹೊರಡುತ್ತೆ ಅನ್ನೋದು ಮಾತ್ರ ನಮ್ಮ ಕೈಲಿಲ್ಲ.

ಲೆಕ್ಕದ ಮೇಷ್ಟ್ರು:
ಸರಿ, ಇದನ್ನು ನಾನೂ ಒಪ್ತೀನಿ. ಹಾಳೆ ಮೇಲೆ ತ್ರಿಕೋನದ ಮೂರು ಕೋನ ಸೇರಿದರೆ 180 ಡಿಗ್ರಿ. ಗ್ಲೋಬ್ ಮೇಲೆ ಮೂರೂ ಕೋನ 90 ಇರುವ ತ್ರಿಕೋನ ಎಳೆಯಬಹುದು, ಒಟ್ಟು 270. ಎರಡೂ ನಿಜ. ಯಾವುದರ ಮೇಲೆ ಎಳೀತಿದೀವಿ ಅಂತ ಮೊದಲು ಹೇಳಬೇಕು.

ಬಸವನಗುಡಿ ಅಮ್ಮ:
ನಿಪ್ಪಟ್ಟು ಇರಲಿಲ್ಲ, ಕಡಲೆಕಾಯಿ ಕೊಟ್ಟೆ. 13 ಬಗ್ಗಲಿಲ್ಲ. 17, 19 ಕೂಡ ಬಗ್ಗಲಿಲ್ಲ ಅಂತ ಮುಖ ಊದಿಸಿಕೊಂಡಿದ್ದಳು. ಈಗ 21 ಮೂರು ಸಾಲಾಯಿತು ಅಂತ ಅಡುಗೆಮನೆಗೆ ಓಡಿ ಬಂದಳು.