ಸ್ಪ್ಲೆಂಡರ್ ಎಂಜಿನ್ ಕೂಗುತ್ತದೆ, ಗಾಡಿ ಓಡಲ್ಲ: ಬೋರ್ ಮಾಡಿಸಬೇಕಾ?

ಪ್ರಶ್ನೆ (ಅಣ್ಣಿಗೇರಿ): ಅಣ್ಣಾರೇ ನಮಸ್ಕಾರ. ನಮ್ಮದು 2006ರ ಹೀರೋ ಹೋಂಡಾ ಸ್ಪ್ಲೆಂಡರ್. ನಾಲ್ಕನೇ ಗೇರಿನಲ್ಲಿ ಎಕ್ಸಲೇಟರ್ ತಿರುವಿದರೆ ಎಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಒಬ್ಬನೇ ಇದ್ದಾಗ ಅಷ್ಟು ಗೊತ್ತಾಗಲ್ಲ, ಹಿಂದೆ ಚೀಲ ಹೇರಿದರೆ ಜಾಸ್ತಿ. ಪೆಟ್ರೋಲೂ ಕುಡಿಯುತ್ತಿದೆ. ಊರ ಗ್ಯಾರೇಜಿನಲ್ಲಿ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸಿ ಅಂದರು. ಹೌದಾ?

ಉತ್ತರ (ಮೆಕ್ಯಾನಿಕ್, ಹುಬ್ಬಳ್ಳಿ): ಬೋರಿಗೆ ಈಗಲೇ ಕೈ ಹಾಕಬೇಡ್ರಿ. ಬೋರ್ ಹೋದ ಎಂಜಿನ್ ಇಷ್ಟು ಜೋರಾಗಿ ಕೂಗಲ್ಲ. ಏರಿನಲ್ಲಿ ಸೋಲುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ನಿಮ್ಮ ಎಂಜಿನಿನಲ್ಲಿ ಶಕ್ತಿ ಇದೆ, ಚಕ್ರಕ್ಕೆ ಮುಟ್ಟುತ್ತಿಲ್ಲ. ಅದು ಕ್ಲಚ್ ಜಾರುವುದು, ಅಂದರೆ ಶಕ್ತಿಯನ್ನು ಚಕ್ರಕ್ಕೆ ದಾಟಿಸುವ ಕ್ಲಚ್ ಪ್ಲೇಟುಗಳು ಹಿಡಿಯದೆ ಜಾರುತ್ತಿವೆ.

ನೀವೇ ನೋಡಿ. ಟಾಪ್ ಗೇರಿನಲ್ಲಿ ಮೂವತ್ತು ಮೂವತ್ತೈದರಲ್ಲಿ ಹೋಗುತ್ತಾ ಒಮ್ಮೆಲೇ ಎಕ್ಸಲೇಟರ್ ಕೊಡಿ. ಸದ್ದು ಮೊದಲು ಏರಿ, ಮೀಟರ್ ಮುಳ್ಳು ಆಮೇಲೆ ಏರಿದರೆ ಕ್ಲಚ್ಚೇ. ನಮ್ಮಲ್ಲಿ ಇದಕ್ಕೆ ನೃಪತುಂಗ ಬೆಟ್ಟದ ಏರು ಇದೆ. ನಿಮ್ಮದು ಬಯಲು ನಾಡು, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಿ. ಟಕ್ ಟಕ್ ಅಂತ ಸದ್ದಾಗಿ ಗಾಡಿ ಜಗ್ಗಿದರೆ ಚೈನ್ ಸ್ಪ್ರಾಕೆಟ್ ನೋಡಬೇಕು, ಅದು ಬೇರೆ ಕಥೆ.

ಮೂರು ವಿಷಯ ಹೇಳಿ. ಕ್ಲಚ್ ಲಿವರಿನ ತುದಿಯಲ್ಲಿ ಎಷ್ಟು ಪ್ಲೇ (ಕ್ಲಚ್ ಹಿಡಿಯುವ ಮೊದಲು ಲಿವರ್ ಸಡಿಲವಾಗಿ ಆಡುವ ದೂರ) ಇದೆ? ಯಾವ ಆಯಿಲ್ ಹಾಕಿದ್ದೀರಿ? ಹೊಲದ ಹಾದಿಯಲ್ಲಿ ಓಡಿಸುತ್ತೀರಾ?

ಪ್ರಶ್ನೆ ಕೇಳಿದವರು: ಪ್ಲೇ ಇಲ್ಲವೇ ಇಲ್ಲ, ಲಿವರ್ ಬಿಗಿಯಾಗಿದೆ. ಯಾರೂ ಅಡ್ಜಸ್ಟ್ ಮಾಡಿಲ್ಲ. ಆಯಿಲ್ ಬೈಕಿನದ್ದೇ, ಡಬ್ಬಿಯ ಮೇಲೆ ಎಂಎ ಅಂತ ಇದೆ. ಹೊಲ ಎರಿ ಭೂಮಿ, ಜಿಗುಟು ಕಪ್ಪು ಮಣ್ಣು. ಹೆಸರುಕಾಯಿ ಬಿಡಿಸುವಾಗ ಮಳೆ ಹಿಡಿದಿತ್ತು, ಆಳುಗಳಿಗೆ ಬುತ್ತಿ ಒಯ್ಯಲು ದಿನಾ ಅದೇ ಹಾದಿ.

ಉತ್ತರ: ಎಂಎ ಅಂದರೆ ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲಿನ ದರ್ಜೆ, ಅದು ಸರಿ. ಹೊಲದ ಹಾದಿ ಅಂದಿರಲ್ಲ, ಅಲ್ಲೇ ಸಿಕ್ಕಿತು. ಎರಿ ಮಣ್ಣು ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಮೆತ್ತಿಕೊಂಡು ಚಕ್ರ ತಿರುಗಲು ಬಿಡಲ್ಲ. ಆಗ ಎಲ್ಲರೂ ಮಾಡುವುದು ಒಂದೇ, ಹಾಫ್ ಕ್ಲಚ್ ಹಿಡಿದು ರೇಸ್ ಕೊಡುವುದು. ಎಂಜಿನ್ ತಿರುಗುತ್ತದೆ, ಚಕ್ರ ನಿಂತಿದೆ, ನಡುವೆ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಸುಡುತ್ತವೆ. ಮಳೆಗಾಲ ಮುಗಿಯುತ್ತಿದ್ದಂತೆ ನವಲಗುಂದ, ಅಣ್ಣಿಗೇರಿ ಕಡೆಯ ಗಾಡಿ ನನ್ನಲ್ಲಿಗೆ ಬಂದರೆ ಆಯಿಲ್ ಬಿಡುವಾಗಲೇ ಸುಟ್ಟ ವಾಸನೆ ಹೊಡೆಯುತ್ತದೆ. ಮಣ್ಣು ಹಿಡಿದರೆ ಇಳಿದು ಕೋಲಿನಿಂದ ತೆಗೆಯಿರಿ.

ಪ್ಲೇ ತಾನಾಗಿಯೇ ಹೋಗಿದ್ದೂ ಅದನ್ನೇ ಹೇಳುತ್ತದೆ. ಕ್ಲಚ್ ವೈರ್ ಹಿಗ್ಗಿದರೆ ಪ್ಲೇ ಜಾಸ್ತಿ ಆಗುತ್ತದೆ. ಪ್ಲೇಟ್ ಸವೆದರೆ ಕಡಿಮೆ ಆಗುತ್ತದೆ. ಪೂರ್ತಿ ಹೋದಮೇಲೆ ನೀವು ಲಿವರ್ ಮುಟ್ಟದಿದ್ದರೂ ಕ್ಲಚ್ ಸ್ವಲ್ಪ ಒತ್ತಿದಂತೆಯೇ ಇರುತ್ತದೆ, ಸ್ಪ್ರಿಂಗ್ ಪ್ಲೇಟುಗಳನ್ನು ಪೂರ್ತಿ ಅದುಮಲ್ಲ, ಸವೆತ ಇನ್ನೂ ಜೋರು. ಇವತ್ತೇ ಅಡ್ಜಸ್ಟರ್ ಸಡಿಲಿಸಿ, ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಪ್ಲೇ ಕೊಡಿ. ಖರ್ಚಿಲ್ಲ. ಅಷ್ಟಕ್ಕೇ ಸರಿಹೋದರೆ ಇನ್ನಷ್ಟು ದಿನ ಓಡಿಸಬಹುದು.

ಗದಗದಿಂದ ಒಬ್ಬರು: ಸ್ಪ್ರಿಂಗ್ ಕೆಳಗೆ ಒಂದೊಂದು ವಾಷರ್ ಹಾಕಿದರೆ ಸಾಕು ಅಂತಾರಲ್ಲ ಸರ್? ಮತ್ತೆ ಸ್ಕೂಟರಿನ ಆಯಿಲ್ ಇದ್ದರೆ ಬೈಕಿಗೆ ಹಾಕಬಹುದಾ?

ಉತ್ತರ: ವಾಷರ್ ಹಾಕಿದರೆ ಲಿವರ್ ಕಲ್ಲಾಗುತ್ತದೆ, ಸವೆದ ಪ್ಲೇಟ್ ದಪ್ಪ ಆಗಲ್ಲ. ಗಾಡಿ ಮಾರುವವರು ಮಾಡುವ ಕೆಲಸ ಅದು. ಸ್ಕೂಟರ್ ಆಯಿಲ್ ಬೇಡ. ಅದರ ಡಬ್ಬಿಯ ಮೇಲೆ ಸಾಮಾನ್ಯವಾಗಿ ಎಂಬಿ ಅಂತ ಇರುತ್ತದೆ. ಸ್ಕೂಟರಿನ ಕ್ಲಚ್ ಎಂಜಿನ್ ಆಯಿಲಿನಲ್ಲಿ ಮುಳುಗಿರಲ್ಲ, ಅದಕ್ಕೆ ನಡೆಯುತ್ತದೆ. ಬೈಕಿನದ್ದು ಮುಳುಗಿರುತ್ತದೆ, ಎಂಎ ಅಥವಾ ಎಂಎ2 ಬೇಕು. ಕಾರಿನ ಆಯಿಲ್ ಹಾಕಿ ಒಳ್ಳೆಯ ಪ್ಲೇಟೂ ಜಾರಿದ್ದನ್ನು ನೋಡಿದ್ದೇನೆ.

ಪ್ರಶ್ನೆ ಕೇಳಿದವರು: ಪ್ಲೇ ಕೊಟ್ಟೆ. ಒಬ್ಬನೇ ಇದ್ದರೆ ಪರವಾಗಿಲ್ಲ. ಚೀಲ ಹೇರಿದರೆ ಮತ್ತೆ ಅದೇ.

ಉತ್ತರ: ಹಾಗಾದರೆ ಬಿಚ್ಚಲೇಬೇಕು. ಬಲಗಡೆ ಕವರ್ ತೆಗೆದಾಗ ಫ್ರಿಕ್ಷನ್ ಪ್ಲೇಟಿನ (ಹಿಡಿತದ ಪದರ ಇರುವ ಪ್ಲೇಟು) ಜೊತೆ ಸ್ಟೀಲ್ ಪ್ಲೇಟನ್ನೂ ನೋಡಿ. ನೀಲಿಗಟ್ಟಿದ್ದರೆ ಕಾದಿದೆ ಅಂತ. ಗಾಜಿನ ಮೇಲಿಟ್ಟು ನೋಡಿ, ಬಾಗಿದ್ದರೆ ಬದಲಿಸಿ. ಹಳೇ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿ, ಗಿಡ್ಡ ಆಗಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಪ್ಲೇಟುಗಳು ಕೂರುವ ಹಬ್ಬಿನ, ಕಚ್ಚು ಇರುವ ದುಂಡನೆ ನಟ್ಟಿಗೆ ಬೇರೆ ಟೂಲ್ ಇದೆ. ಉಳಿ ಇಟ್ಟು ಹೊಡೆಯುವ ಗ್ಯಾರೇಜಿಗೆ ಕೊಡಬೇಡಿ.

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ಹೊಸ ಆಯಿಲಿನಲ್ಲಿ ನೆನೆಹಾಕಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸುಟ್ಟ ಪುಡಿ ಆಯಿಲಿನಲ್ಲಿ ಸೇರಿರುತ್ತದೆ, ಅದಕ್ಕೆ ಆಯಿಲೂ ಹೊಸದು. ಕವರ್ ಒಳಗಿನ ಆಯಿಲ್ ಸೋಸುವ ಜಾಲರಿ ತೊಳೆಯಿರಿ, ಪ್ಯಾಕಿಂಗ್ ಹೊಸದು ಹಾಕಿ.

ಪ್ರಶ್ನೆ ಕೇಳಿದವರು: ಭಾನುವಾರದ ತನಕ ಓಡಿಸಬಹುದಾ ಅಣ್ಣಾರೇ?

ಉತ್ತರ: ಒಬ್ಬರೇ, ಡಾಂಬರ್ ರಸ್ತೆ, ನಿಧಾನಕ್ಕೆ. ಚೀಲ ಬೇಡ. ಬರುವಾಗ ಹಳೇ ಪ್ಲೇಟುಗಳನ್ನು ಗ್ಯಾರೇಜಿನವರಿಂದ ಕೇಳಿ ತನ್ನಿ, ಫೋಟೋ ಹಾಕಿ.