25 ವರ್ಷ ಪೆಟ್ಟಿಗೆಯಲ್ಲಿದ್ದ ಆರ್‌ಸಿ ಬಗ್ಗಿ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ಹಳೆಗೇರು

ಎಲ್ಲರಿಗೂ ನಮಸ್ಕಾರ.

ನನ್ನ ಚಿಕ್ಕಪ್ಪನವರು ಓದುವ ದಿನಗಳಲ್ಲಿ ಕೈಯಾರೆ ಜೋಡಿಸಿ ಓಡಿಸುತ್ತಿದ್ದ, ರಿಮೋಟಿನಿಂದ ಓಡುವ (ಆರ್‌ಸಿ) 1/10 ಅಳತೆಯ ಟಮಿಯಾ ಹಾರ್ನೆಟ್ ಬಗ್ಗಿ ಕಾರೊಂದು ಈಗ ನನ್ನ ಪಾಲಿಗೆ ಬಂದಿದೆ. ಸುಮಾರು 25 ವರ್ಷಗಳಿಂದ ಅದು ರಟ್ಟಿನ ಪೆಟ್ಟಿಗೆಯಿಂದ ಹೊರಬಂದಿರಲಿಲ್ಲ. ಚಾಸಿಸ್ ಎಲ್ಲಿಯೂ ಬಿರುಕು ಬಿಟ್ಟಿಲ್ಲ. ಬಾಡಿಯ ಮೂತಿಯ ಬಳಿ ಮಾತ್ರ ಬೆರಳುದ್ದದ ಒಂದು ಸೀಳು ಇದೆ. ಹಿಂದಿನ ಟೈರುಗಳು ಎಷ್ಟು ಗಟ್ಟಿಯಾಗಿವೆಯೆಂದರೆ ಉಗುರಿನಿಂದ ಒತ್ತಿದರೂ ತಗ್ಗುವುದಿಲ್ಲ. ಹಿಂಭಾಗದ ಡ್ಯಾಂಪರ್‌ಗಳಿಂದ (ಕುಲುಕಾಟ ತಗ್ಗಿಸುವ ಎಣ್ಣೆ ಕೊಳವೆಗಳು) ಎಣ್ಣೆ ಸೋರಿ, ಅದಕ್ಕೆ ದೂಳು ಕೂಡಿ ಕಪ್ಪು ಮೇಣದಂತಾಗಿದೆ. ರಿಮೋಟಿನಲ್ಲಿ ಬಿಟ್ಟಿದ್ದ ಸೆಲ್ಲುಗಳು ಸೋರಿ, ಗೂಡಿನ ಸ್ಪ್ರಿಂಗುಗಳಿಗೆ ಹಸಿರು ಕಿಲುಬು ಹಿಡಿದಿದೆ. ವೇಗ ನಿಯಂತ್ರಣವು ಹಳೆಯ ಕಾಲದ್ದು: ಸರ್ವೋ (ರಿಮೋಟಿನ ಆಣತಿಯಂತೆ ತಿರುಗುವ ಪುಟ್ಟ ಮೋಟಾರು) ಒಂದು ತೋಳನ್ನು ತಿರುಗಿಸುತ್ತದೆ, ಆ ತೋಳು ತಾಮ್ರದ ಪಟ್ಟಿಗಳ ಮೇಲೆ ಜಾರುತ್ತ ಹಂತ ಹಂತವಾಗಿ ಮೋಟಾರಿಗೆ ವಿದ್ಯುತ್ತು ಕೊಡುತ್ತದೆ.

ನಾನು ಇದುವರೆಗೆ ಸಿದ್ಧವಾಗಿ ಬಂದ ಕಾರುಗಳನ್ನಷ್ಟೇ ಓಡಿಸಿದ್ದೇನೆ, ಯಾವುದನ್ನೂ ಪೂರ್ತಿ ಬಿಚ್ಚಿ ಜೋಡಿಸಿದವನಲ್ಲ. ಮೊದಲು ಹೊಸ ಬ್ಯಾಟರಿ ಕೊಟ್ಟು ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ನೋಡಿ, ಕೆಟ್ಟದ್ದನ್ನು ಮಾತ್ರ ಬದಲಾಯಿಸುವುದು ಸರಿಯೇ? ಹೇಗೂ ಕೈ ಹಾಕುತ್ತಿರುವಾಗ ಬ್ರಷ್‌ಲೆಸ್ (ಬ್ರಷ್ಷಿಲ್ಲದ) ಮೋಟಾರನ್ನೂ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನೂ ಹಾಕಿಬಿಡಬೇಕೆಂಬ ಆಸೆಯೂ ಇದೆ. ಹಾಗೆ ಮಾಡಿದರೆ ಕಾರಿನ ಹಳೆಯ ಗುಣ ಹೋಗಿಬಿಡುತ್ತದೆಯೇ?

ಉತ್ತರ: ಪಿನಿಯನ್18

ದಯವಿಟ್ಟು ಬ್ಯಾಟರಿ ಜೋಡಿಸಬೇಡಿ. ಹಳೆಯ ಕಾರಿಗೆ ಹೆಚ್ಚಿನ ಹಾನಿಯಾಗುವುದು ಪೆಟ್ಟಿಗೆಯಲ್ಲಿದ್ದ ವರ್ಷಗಳಲ್ಲಲ್ಲ, ಪೆಟ್ಟಿಗೆಯಿಂದ ತೆಗೆದ ಮೊದಲ ಅರ್ಧ ಗಂಟೆಯಲ್ಲಿ. ಗೇರ್‌ಬಾಕ್ಸಿನೊಳಗಿನ ಗ್ರೀಸು ಒಣಗಿ ಅಂಟಾಗಿರುತ್ತದೆ ಮತ್ತು ಹಿಂದಿನ ಓಟಗಳಲ್ಲಿ ಒಳಸೇರಿದ ಮರಳು ಆ ಅಂಟಿನಲ್ಲೇ ಕೂತಿರುತ್ತದೆ. ಅದನ್ನು ಹಾಗೆಯೇ ಓಡಿಸಿದರೆ ಮೋಟಾರಿನ ಲೋಹದ ಪಿನಿಯನ್ (ಪುಟ್ಟ ಗೇರು) ಮರಳಿನ ಕಣಗಳನ್ನು ಎಳೆದೊಯ್ದು ಪ್ಲಾಸ್ಟಿಕ್ ಗೇರಿನ ಹಲ್ಲುಗಳನ್ನು ಅರೆದುಹಾಕುತ್ತದೆ. ಹಳೆಯ ವೇಗ ನಿಯಂತ್ರಣದಲ್ಲಿ ಇನ್ನೊಂದು ಅಪಾಯವಿದೆ. ಕಡಿಮೆ ವೇಗದಲ್ಲಿ ಮೋಟಾರಿಗೆ ಹೋಗದ ಶಕ್ತಿಯೆಲ್ಲ ರೆಸಿಸ್ಟರಿನಲ್ಲಿ ಬಿಸಿಯಾಗಿ ಖರ್ಚಾಗುತ್ತದೆ. ಕಿಲುಬು ಹಿಡಿದ ಪಟ್ಟಿಯ ಮೇಲೆ ತೋಳು ಸಿಕ್ಕಿಕೊಂಡರೆ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗುವಷ್ಟು ಕಾವು ಏರುತ್ತದೆ.

ಆದ್ದರಿಂದ ಮೊದಲ ಕೆಲಸ ಪೂರ್ತಿ ಬಿಚ್ಚುವುದು. ಇಲ್ಲಿ ಬಹುತೇಕರು ಎಡವುವುದು ಸ್ಕ್ರೂಗಳಲ್ಲಿ. ಜಪಾನಿನ ಕಿಟ್ಟುಗಳಲ್ಲಿ ಬರುವ ಪ್ಲಸ್ ತಲೆಯ ಸ್ಕ್ರೂ ನೋಡಲು ಸಾಮಾನ್ಯ ಫಿಲಿಪ್ಸ್ ಸ್ಕ್ರೂವಿನಂತೆಯೇ ಇದ್ದರೂ ಅದು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯದು. ಫಿಲಿಪ್ಸ್ ಸ್ಕ್ರೂಡ್ರೈವರಿನ ತುದಿ ಅದರೊಳಗೆ ಪೂರ್ತಿ ಕೂರುವುದಿಲ್ಲ, ಬಲ ಹಾಕಿದೊಡನೆ ಜಾರಿ ತಲೆಯನ್ನು ಕೆತ್ತಿಹಾಕುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಒಂದನ್ನು ತರಿಸಿಕೊಂಡ ಮೇಲೆಯೇ ಕೆಲಸ ಶುರುಮಾಡಿ. ಮತ್ತೆ ಜೋಡಿಸುವಾಗಲೂ ಒಂದು ಅಭ್ಯಾಸ ಬೇಕು. ಪ್ಲಾಸ್ಟಿಕ್ಕಿಗೆ ನೇರವಾಗಿ ಇಳಿಯುವ ಸ್ಕ್ರೂವನ್ನು ರಂಧ್ರದ ಮೇಲಿಟ್ಟು ಮೊದಲು ಹಿಂದಕ್ಕೆ ತಿರುಗಿಸುತ್ತ ಬನ್ನಿ. ಒಂದು ಕಡೆ ಅದು ಕುಸಿದಂತೆ ಕೈಗೆ ತಿಳಿಯುತ್ತದೆ. ಅದು ಹಳೆಯ ತಿರುಪುಗೆರೆಯ ಬಾಯಿ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಸ್ಕ್ರೂ ತನ್ನ ಹಳೆಯ ದಾರಿಯಲ್ಲೇ ಇಳಿಯುತ್ತದೆ, ಹೊಸ ದಾರಿ ಕೊರೆದು ರಂಧ್ರವನ್ನು ಸಡಿಲಗೊಳಿಸುವುದಿಲ್ಲ.

ಬಿಡಿಭಾಗಗಳ ಚಿಂತೆ ನಿಮಗೆ ಹೆಚ್ಚಿರಲಾರದು. ಹಾರ್ನೆಟ್ ಮೊದಲು ಬಂದದ್ದು 1984ರಲ್ಲಿ. 2004ರಲ್ಲಿ ಅದನ್ನು ಮತ್ತೆ ಹೊರತಂದರು. ಹೊಸ ಆವೃತ್ತಿಯ ಅನೇಕ ಭಾಗಗಳು ಹಳೆಯದಕ್ಕೂ ಕೂರುತ್ತವೆ. ತೊಂದರೆಯಿರುವುದು ಮತ್ತೆ ಬಾರದ ಮಾದರಿಗಳನ್ನು ಇಟ್ಟುಕೊಂಡವರಿಗೆ. ಒಂದು ಮುರಿದ ತೋಳಿಗಾಗಿ ಅವರು ವರ್ಷಗಟ್ಟಲೆ ಕಾಯುತ್ತಾರೆ.

ಬಿಚ್ಚಿದ ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಹತ್ತು ಹದಿನೈದು ನಿಮಿಷ ಕುದಿಯುವ ನೀರಿನಲ್ಲಿಟ್ಟರೆ ಹಳೆಯ ಬಿರುಸುತನ ಹೋಗುತ್ತದೆ. ರಿಮೋಟಿನ ಕಿಲುಬು ಸೋರಿದ ಕ್ಷಾರದ್ದು. ಹತ್ತಿಯಲ್ಲಿ ವಿನೆಗರ್ ಅಥವಾ ನಿಂಬೆರಸ ಅದ್ದಿ ಒರೆಸಿ, ಆಮೇಲೆ ನೀರಿನಿಂದ ಒರೆಸಿ ಒಣಗಿಸಿ. ಅಷ್ಟಾದ ಮೇಲೂ ಆ ರಿಮೋಟನ್ನು ನೆನಪಿಗೆ ಇಟ್ಟುಕೊಂಡು, ಓಡಿಸಲು 2.4 ಗಿಗಾಹರ್ಟ್ಸ್‌ನ ಹೊಸ ಸೆಟ್ (ರಿಮೋಟು ಮತ್ತು ಕಾರಿನಲ್ಲಿ ಅದರ ಸಂಕೇತ ಪಡೆಯುವ ರಿಸೀವರು) ಹಾಕುವುದು ಒಳ್ಳೆಯದು. ಹಳೆಯ ಸರ್ವೋವನ್ನು ಹೊಸ ರಿಸೀವರಿಗೆ ಚುಚ್ಚುವ ಮುನ್ನ ತಂತಿಗಳ ಅನುಕ್ರಮ ನೋಡಿಕೊಳ್ಳಿ, ಏಕೆಂದರೆ ಆ ಕಾಲದ ಕೆಲವು ಪ್ಲಗ್ಗುಗಳಲ್ಲಿ ಧನ ಮತ್ತು ಋಣ ತಂತಿಗಳ ಸ್ಥಾನ ಬೇರೆಯಾಗಿರುತ್ತಿತ್ತು.

ಉತ್ತರ: ನೈಲಾನ್‌ತೋಳು

ಪಿನಿಯನ್18 ಅವರು ಹೇಳಿದ್ದರಲ್ಲಿ ಒಂದು ಮಾತನ್ನು ತಿದ್ದಲೇಬೇಕಾಗಿದೆ, ಇಲ್ಲವಾದರೆ ಪ್ರಶ್ನೆ ಕೇಳಿದವರ ಚಾಸಿಸ್ ಹಾಳಾದೀತು. ಕುದಿಯುವ ನೀರು ನೈಲಾನ್ ಭಾಗಗಳಿಗೆ ಮಾತ್ರ. ನೈಲಾನ್ ನೀರನ್ನು ಹೀರಿಕೊಳ್ಳುವ ವಸ್ತು. ಒಣಗಿದಾಗ ಪೆಡಸಾಗಿ ಮುರಿಯುತ್ತದೆ, ನೀರು ಹೀರಿದಾಗ ಮತ್ತೆ ಬಾಗುವ ಗುಣ ಪಡೆಯುತ್ತದೆ. ಎಬಿಎಸ್ ಎಂಬ ಇನ್ನೊಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿಗೆ ಈ ಗುಣವಿಲ್ಲ. ಅದಕ್ಕೆ ಕುದಿನೀರಿನಿಂದ ಆಗುವ ಲಾಭ ಏನೂ ಇಲ್ಲ, ಆ ಕಾವಿಗೆ ಮೆತ್ತಗಾಗಿ ಸೊಟ್ಟಗಾಗುವ ಅಪಾಯ ಮಾತ್ರ ಇದೆ. ಕೈಗೆ ಸ್ವಲ್ಪ ಮೇಣ ಸವರಿದಂತೆ ಜಾರುವ, ಹೊಳಪಿಲ್ಲದ ಭಾಗಗಳು ಸಾಮಾನ್ಯವಾಗಿ ನೈಲಾನ್. ಗಟ್ಟಿ ಹೊಳಪಿದ್ದು, ಮಾಡೆಲ್ ಗೋಂದು ಹಿಡಿಯುವಂಥವು ಎಬಿಎಸ್ ಅಥವಾ ಅದರ ಸಂಬಂಧಿಗಳು. ಅನುಮಾನವಿದ್ದ ಭಾಗವನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರೆ ಸಾಕು.

ರಾಸಾಯನಿಕಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಮೋಟಾರ್ ತೊಳೆಯುವ ಸ್ಪ್ರೇ, ಪೆಟ್ರೋಲು, ತಿನ್ನರ್ ಇವು ಪಾಲಿಕಾರ್ಬೊನೇಟ್ (ಪಾರದರ್ಶಕ ಪ್ಲಾಸ್ಟಿಕ್) ಬಾಡಿಯ ಹತ್ತಿರ ಸುಳಿಯಬಾರದು. ಸ್ಕ್ರೂ ಸಡಿಲವಾಗದಂತೆ ಹಾಕುವ ಥ್ರೆಡ್‌ಲಾಕ್ ದ್ರವವನ್ನು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ ಹಾಕಿ. ಒಂದು ಹನಿ ಪಾಲಿಕಾರ್ಬೊನೇಟ್ ಮೇಲೆ ಹರಿದರೂ ಕೆಲವೇ ದಿನಗಳಲ್ಲಿ ಅಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಇದನ್ನು ನಾನು ಕಲಿತದ್ದು ನನ್ನದೇ ಒಂದು ಚಾಸಿಸ್ಸನ್ನು ಬಲಿಕೊಟ್ಟು.

ಬಾಡಿಯ ಸೀಳಿನ ಕೊನೆಯಲ್ಲಿ 2 ಮಿಲಿಮೀಟರಿನ ಒಂದು ರಂಧ್ರ ಕೊರೆದರೆ ಸೀಳು ಮುಂದುವರಿಯುವುದಿಲ್ಲ. ಆದರೆ ನನ್ನ ಅಭಿಪ್ರಾಯ ಕೇಳಿದರೆ ಚಿಕ್ಕಪ್ಪನವರು ಬಣ್ಣ ಹಚ್ಚಿದ ಆ ಬಾಡಿಯನ್ನು ಹಾಗೆಯೇ ತೆಗೆದಿಟ್ಟು, ಓಡಿಸುವುದಕ್ಕೆ ಹೊಸದೊಂದನ್ನು ಬಳಸಿ. ಹೊಸ ಬಾಡಿಗೆ ಒಳಗಿನಿಂದ ಬಣ್ಣ ಹಚ್ಚಬೇಕು, ಅದೂ ಪಾಲಿಕಾರ್ಬೊನೇಟಿಗೆಂದೇ ಬರುವ ಬಣ್ಣವನ್ನು. ಒಳಗಿನಿಂದ ಹಚ್ಚುವುದರಿಂದ ಕ್ರಮ ತಲೆಕೆಳಗಾಗುತ್ತದೆ: ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ.

ಉತ್ತರ: ಮೂರುತಂತಿ

ಬ್ರಷ್‌ಲೆಸ್ ಬೇಡವೆಂದು ಇಲ್ಲಿ ಎಲ್ಲರೂ ಹೇಳುವ ಮುನ್ನ ನನ್ನದೊಂದು ಮಾತು. ಆಡುವ ವಸ್ತುವನ್ನು ಆಡಿಸಬೇಕು. ಬೆಳ್ಳಿಬಣ್ಣದ ಡಬ್ಬಿಯ ಹಳೆಯ 540 ಅಳತೆಯ ಮೋಟಾರಿನಲ್ಲಿ ಸವೆದ ಬ್ರಷ್ಷನ್ನು (ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ತುಂಡು) ಬದಲಾಯಿಸಲು ಸಾಧ್ಯವಿಲ್ಲ, ಏಕೆಂದರೆ ಅದನ್ನು ಮುಚ್ಚಿ ಮಡಿಚಿಬಿಟ್ಟಿರುತ್ತಾರೆ. ಸವೆದರೆ ಇಡೀ ಮೋಟಾರನ್ನೇ ಎಸೆಯಬೇಕು. 21.5 ಸುತ್ತಿನ (ಒಳಗಿನ ತಂತಿಯ ಸುತ್ತು) ಬ್ರಷ್‌ಲೆಸ್ ಮೋಟಾರು ಸೌಮ್ಯವಾಗಿಯೇ ಇರುತ್ತದೆ, ಸವೆಯುವ ಬ್ರಷ್ಷೇ ಅದರಲ್ಲಿಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಓಡುತ್ತದೆ. ಎರಡು ಸೆಲ್ಲಿನ ಲಿಪೋ 7.4 ವೋಲ್ಟಿನದು, ಹಳೆಯ ಆರು ಸೆಲ್ಲಿನ ಪ್ಯಾಕು 7.2 ವೋಲ್ಟಿನದು, ಹೆಸರಿಗೆ ಇವುಗಳ ನಡುವೆ ದೊಡ್ಡ ಅಂತರವೇನೂ ಇಲ್ಲ.

ಉತ್ತರ: ಪಿನಿಯನ್18

ಮೊದಲಿಗೆ, ಕುದಿನೀರಿನ ವಿಚಾರದಲ್ಲಿ ನೈಲಾನ್‌ತೋಳು ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ. ‘ಭಾಗಗಳನ್ನೆಲ್ಲ’ ಎಂದು ಬರೆದದ್ದು ನನ್ನ ತಪ್ಪು.

ಮೂರುತಂತಿ ಅವರ ಲೆಕ್ಕ ಸರಿಯಾಗಿಯೇ ಇದೆ, ಆದರೆ ಲೆಕ್ಕ ಶುರುವಾಗಬೇಕಾದದ್ದು ಮೋಟಾರಿನಿಂದಲ್ಲ, ಕಾರಿನಲ್ಲಿ ಎಲ್ಲಕ್ಕಿಂತ ದುರ್ಬಲವಾದ ಭಾಗದಿಂದ. ಹಾರ್ನೆಟ್‌ನಲ್ಲಿ ಮೋಟಾರು, ಗೇರ್‌ಬಾಕ್ಸು, ಹಿಂದಿನ ಅಚ್ಚು ಮೂರೂ ಒಂದೇ ಗಂಟಾಗಿ ಮೇಲೆ ಕೆಳಗೆ ಆಡುತ್ತವೆ. ಹಿಂಬದಿಯ ಆ ಭಾರವೆಲ್ಲ ನೆಲದ ಪ್ರತಿ ಉಬ್ಬಿಗೂ ಜಿಗಿಯುತ್ತದೆ. ಚಕ್ರ ಗಾಳಿಯಲ್ಲಿದ್ದಾಗ ಮೋಟಾರು ಪೂರ್ಣ ವೇಗಕ್ಕೆ ಏರಿ, ಚಕ್ರ ನೆಲ ಮುಟ್ಟಿದ ಕ್ಷಣ ಆ ಹೊಡೆತವೆಲ್ಲ ಪ್ಲಾಸ್ಟಿಕ್ ಹಲ್ಲುಗಳ ಮೇಲೆ ಬೀಳುತ್ತದೆ. ಮೋಟಾರು ಬಲವಾದಷ್ಟೂ ಈ ಹೊಡೆತ ಬಲವಾಗುತ್ತದೆ. 21.5 ಸುತ್ತಿನದನ್ನು ಆ ಗೇರು ತಡೆದೀತು. ಆದರೆ ಅದನ್ನು ಹಾಕಿದವರು ಮುಂದಿನ ತಿಂಗಳು ಇನ್ನೂ ಬಲವಾದ 13.5 ಸುತ್ತಿನದನ್ನು ಹುಡುಕುವುದನ್ನು ನಾನು ಬಹಳ ನೋಡಿದ್ದೇನೆ.

ಲಿಪೋ ವಿಚಾರದಲ್ಲಿ ಮಾತ್ರ ನಾನು ಖಂಡಿತವಾಗಿ ಹೇಳುತ್ತೇನೆ: ಹಳೆಯ ಜಾರುತೋಳಿನ ವೇಗ ನಿಯಂತ್ರಣದ ಜತೆ ಅದನ್ನು ಜೋಡಿಸಬೇಡಿ. ಲಿಪೋ ಸೆಲ್ಲಿನ ವೋಲ್ಟೇಜು 3.0ಕ್ಕಿಂತ ಕೆಳಗಿಳಿದರೆ ಸೆಲ್ಲು ಕೆಡುತ್ತದೆ. ಹಳೆಯ ಯಂತ್ರಕ್ಕೆ ಅದನ್ನು ಅಳೆದು ನಿಲ್ಲಿಸುವ ಬುದ್ಧಿಯಿಲ್ಲ. ಲಿಪೋ ಬೇಕೆಂದರೆ ವೋಲ್ಟೇಜು ಇಳಿದಾಗ ತಾನೇ ಕಡಿತಗೊಳಿಸುವ ಇಎಸ್‌ಸಿ (ಎಲೆಕ್ಟ್ರಾನಿಕ್ ವೇಗ ನಿಯಂತ್ರಣ) ಹಾಕಿ. ಅಂಥ ಇಎಸ್‌ಸಿ ರಿಸೀವರಿಗೂ ತಾನೇ ವಿದ್ಯುತ್ತು ಕೊಡುತ್ತದೆಯಾದ್ದರಿಂದ, ಆ ಕಾಲದ ಸೆಟ್ಟುಗಳಲ್ಲಿ ರಿಸೀವರಿಗೆಂದೇ ಇರುತ್ತಿದ್ದ ನಾಲ್ಕು ಸೆಲ್ಲಿನ ಪ್ರತ್ಯೇಕ ಡಬ್ಬಿಯನ್ನು ಆಗ ತೆಗೆದುಬಿಡಬೇಕು. ಎರಡನ್ನೂ ಒಟ್ಟಿಗೆ ಜೋಡಿಸಕೂಡದು.

ಹಳೆಯ ಮೋಟಾರನ್ನು ಎಸೆಯುವ ಮುನ್ನ ಕಾರಿನಿಂದ ಹೊರತೆಗೆದು ಎರಡು ಪೆನ್ಸಿಲ್ ಸೆಲ್ಲುಗಳ 3 ವೋಲ್ಟಿನಲ್ಲಿ ಓಡಿಸಿ ನೋಡಿ. ಒಂದೇ ಸಮನೆ ಗುಂಯ್ಗುಟ್ಟುತ್ತ ತಿರುಗಿದರೆ ಅದಕ್ಕಿನ್ನೂ ಆಯುಷ್ಯವಿದೆ. ತಡೆತಡೆದು ತಿರುಗಿದರೆ, ಅಥವಾ ಕೆಲವೇ ಕ್ಷಣಗಳಲ್ಲಿ ಡಬ್ಬಿ ಬಿಸಿಯಾದರೆ, ಅದೇ ಬಗೆಯ ಹೊಸ 540 ಹಾಕಿ. ಮೋಟಾರಿನ ತುದಿಗಳಿಗೆ ಬೆಸೆದಿರುವ ಪುಟ್ಟ ಕೆಪಾಸಿಟರ್‌ಗಳನ್ನು ಮರೆಯಬೇಡಿ. ಬ್ರಷ್ಷಿನ ಕಿಡಿಯಿಂದ ಹುಟ್ಟುವ ಗೊಂದಲ ರಿಸೀವರಿಗೆ ತಲುಪದಂತೆ ತಡೆಯುವುದು ಅವೇ.

ನೀವು ಖರ್ಚು ಮಾಡಬೇಕಾದ ಜಾಗ ಬೇರಿಂಗ್. ಪ್ಲಾಸ್ಟಿಕ್ ಬುಷ್‌ಗಳಿದ್ದಲ್ಲಿ (ಅಚ್ಚು ತಿರುಗುವ ಬಳೆಗಳು) ಬಾಲ್ ಬೇರಿಂಗ್ ಹಾಕಿದರೆ ಅದೇ ಮೋಟಾರು, ಅದೇ ಬ್ಯಾಟರಿಯಲ್ಲಿ ಕಾರು ಬೇರೆಯೇ ಎನ್ನುವಷ್ಟು ಹಗುರವಾಗಿ ಓಡುತ್ತದೆ.

ಹಳೆಗೇರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

ಪೂರ್ತಿ ಬಿಚ್ಚಿ, ತೊಳೆದು, ಬೇರಿಂಗುಗಳನ್ನು ಹಾಕಿ ಜೋಡಿಸಿದೆ. ಜೋಡಿಸಿದ ಗೇರ್‌ಬಾಕ್ಸನ್ನು ಮೋಟಾರಿಲ್ಲದೆಯೇ ಕೈಯಲ್ಲಿ ತಿರುಗಿಸಿದಾಗ ಪ್ರತಿ ಸುತ್ತಿಗೊಮ್ಮೆ ‘ಟಿಕ್’ ಎಂಬ ಸಣ್ಣ ಸದ್ದು ಬರುತ್ತಿತ್ತು. ಎರಡು ಬಾರಿ ಬಿಚ್ಚಿದರೂ ಕಾರಣ ಕಾಣಲಿಲ್ಲ. ಮೂರನೆಯ ಬಾರಿ ಬಿಳಿಯ ಗೇರನ್ನು ದೀಪದ ಎದುರು ಹಿಡಿದು, ಒಂದೊಂದೇ ಹಲ್ಲನ್ನು ಭೂತಗನ್ನಡಿಯಲ್ಲಿ ನೋಡುತ್ತ ಹೋದೆ. ಎರಡು ಹಲ್ಲುಗಳ ನಡುವಿನ ಕಣಿವೆಯ ತಳದಲ್ಲಿ ಸಾಸಿವೆಗಿಂತ ಚಿಕ್ಕದಾದ ಮರಳಿನ ಕಣವೊಂದು ಪ್ಲಾಸ್ಟಿಕ್ಕಿನೊಳಗೇ ಹೂತುಕೊಂಡಿತ್ತು. ಸೂಜಿಯ ಮೊನೆಯಿಂದ ಎಬ್ಬಿಸಿ ತೆಗೆದ ಮೇಲೆ ಸದ್ದು ನಿಂತಿತು. ಬ್ಯಾಟರಿ ಕೊಟ್ಟು ನೋಡುವ ನನ್ನ ಮೊದಲ ಯೋಚನೆಯಂತೆ ನಡೆದಿದ್ದರೆ ಏನಾಗುತ್ತಿತ್ತೆಂದು ಈಗ ಅರ್ಥವಾಗಿದೆ.

ಹಳೆಯ ಮೋಟಾರು 3 ವೋಲ್ಟಿನಲ್ಲಿ ಚೆನ್ನಾಗಿಯೇ ಓಡಿತು, ಅದನ್ನೇ ಉಳಿಸಿಕೊಂಡಿದ್ದೇನೆ. ಈಗ ಒಂದೇ ತೊಂದರೆ: ಹಿಂಭಾಗವನ್ನು ಕೈಯಿಂದ ಒತ್ತಿ ಬಿಟ್ಟರೆ ಬಲಗಡೆ ಬೇಗ ಏಳುತ್ತದೆ, ಎಡಗಡೆ ನಿಧಾನವಾಗಿ ಏಳುತ್ತದೆ. ಎರಡೂ ಡ್ಯಾಂಪರ್‌ಗಳಿಗೆ 350 ಸಿಎಸ್‌ಟಿ ಸ್ನಿಗ್ಧತೆಯ (ಎಣ್ಣೆ ಎಷ್ಟು ಮಂದ ಎಂಬ ಅಳತೆ) ಒಂದೇ ಸಿಲಿಕೋನ್ ಎಣ್ಣೆ ಹಾಕಿದ್ದೇನೆ.

ಉತ್ತರ: ನೈಲಾನ್‌ತೋಳು

ಎರಡನ್ನೂ ಕಳಚಿ, ಸ್ಪ್ರಿಂಗ್ ತೆಗೆದು, ದಂಡಗಳನ್ನು ಮೇಜಿಗೆ ಒತ್ತಿ ಒಟ್ಟಿಗೆ ಒಳತಳ್ಳಿ ಹೋಲಿಸಿ. ದಾರಿಯಲ್ಲಿ ಎಲ್ಲಾದರೂ ಬುಸ್ಸೆಂದು ಹಗುರವಾದರೆ ಒಳಗೆ ಗಾಳಿಯಿದೆ. ಆಗ ಎಣ್ಣೆ ತುಂಬಿ, ಮುಚ್ಚಳ ಹಾಕುವ ಮುನ್ನ ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ನಿಮಿಷಗಟ್ಟಲೆ ನಿಲ್ಲಿಸಿಡಬೇಕು. ಗಾಳಿಯಿಲ್ಲದೆಯೂ ಒಂದು ಬಿಗಿಯಾಗಿದ್ದರೆ ಎಣ್ಣೆಯನ್ನು ದೂರಬೇಡಿ. ದಂಡ ಬಾಗಿದೆಯೇ, ರಬ್ಬರ್ ಉಂಗುರ ಉಬ್ಬಿದೆಯೇ, ಪಿಸ್ಟನ್ನಿನ ಅಂಚು ನಯವಾಗಿದೆಯೇ ನೋಡಿ.

ಸರಿಯಾದ ಮೇಲೆ ಕಾರನ್ನು ಬ್ಯಾಟರಿಸಹಿತ ಒಂದು ಗೇಣು ಎತ್ತರದಿಂದ ಸಮತಟ್ಟು ನೆಲಕ್ಕೆ ಬಿಡಿ. ಒಮ್ಮೆ ಕುಸಿದು ಎದ್ದು ನಿಲ್ಲಬೇಕು. ಎರಡನೆಯ ಸಲ ಕುಪ್ಪಳಿಸಿದರೆ ಎಣ್ಣೆ ಇನ್ನಷ್ಟು ಮಂದವಾದದ್ದು ಬೇಕು. ಕುಸಿದಲ್ಲೇ ತಡವಾಗಿ ಏಳುತ್ತಿದ್ದರೆ ತೆಳುವಾದದ್ದು.

ಹಳೆಗೇರು

ಪಿಸ್ಟನ್ನಿನ ಅಂಚೇ! ಎಡಗಡೆಯದರಲ್ಲಿ, ಅಚ್ಚಿನ ಚೌಕಟ್ಟಿನಿಂದ ಕತ್ತರಿಸುವಾಗ ಉಳಿದ ಚೂರೊಂದು ಹಾಗೆಯೇ ಇತ್ತು. ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿದ ಮೇಲೆ ಎರಡೂ ಒಂದೇ ಸಮನೆ ಏಳುತ್ತಿವೆ. ಚಿಕ್ಕಪ್ಪನವರಿಗೆ ತಿಳಿಸಿದೆ. “ಅದು ಆಗಲೂ ಒಂದೇ ಕಡೆಗೆ ವಾಲುತ್ತಿತ್ತು ಕಣೋ, ನಾನು ನಮ್ಮ ಅಂಗಳವೇ ಓರೆ ಅಂದುಕೊಂಡಿದ್ದೆ” ಎಂದರು.