ಅಪ್‌ಡೇಟ್: ಶಾಲೆಯಲ್ಲಿ ಫ್ರೆಂಚ್ ಭಾಷಿಕ ನಾಡುಗಳ ದಿನಾಚರಣೆ

ಫ್ರೆಂಚ್ ಕಲಿಯುತ್ತಿರುವ ನಮ್ಮ ಬೆಂಗಳೂರಿನ ಶಾಲೆಯ ಮಕ್ಕಳಿಗಾಗಿ ಮಾರ್ಚ್ 20ರ ಅಂತರರಾಷ್ಟ್ರೀಯ ಫ್ರಾಂಕೋಫೋನಿ (ಫ್ರೆಂಚ್ ಭಾಷಿಕ ನಾಡುಗಳ) ದಿನವನ್ನು ಐಫೆಲ್ ಗೋಪುರದ ಚಿತ್ರಗಳಿಗಷ್ಟೇ ಸೀಮಿತಗೊಳಿಸದೆ ಆಚರಿಸುವುದು ಹೇಗೆಂದು ಈ ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಫ್ರೆಂಚ್ ನಂಟಿರುವ ಆಫ್ರಿಕಾದ ಸೆನೆಗಲ್, ಕೆನಡಾದ ಕ್ವಿಬೆಕ್, ಕೆರಿಬಿಯನ್‌ನ ಹೈಟಿ ಹಾಗೂ ನಮ್ಮ ಪುದುಚೇರಿಗೆ ಒಂದೊಂದು ಕೊಠಡಿಯನ್ನು ಮೀಸಲಿಟ್ಟೆವು. ಮಕ್ಕಳು ಹೆಚ್ಚು ಹೊತ್ತು ನಿಂತದ್ದು ಹೈಟಿಯ ಕೊಠಡಿಯಲ್ಲಿ. ಗುಲಾಮಗಿರಿಯ ಕಾಲದಲ್ಲಿ ಫ್ರೆಂಚ್ ಒಡೆಯರಿಗಷ್ಟೇ ಮೀಸಲಾಗಿದ್ದ ಸಿಹಿಗುಂಬಳದ ‘ಸೂಪ್ ಜುಮು’ವನ್ನು, 1804ರ ಜನವರಿ 1ರಂದು ಸ್ವಾತಂತ್ರ್ಯ ಘೋಷಿಸಿದ ಆ ನಾಡಿನ ಜನ ಇಂದಿಗೂ ಪ್ರತಿ ಹೊಸ ವರ್ಷದಂದು ಮಾಡಿ ಹಂಚಿಕೊಳ್ಳುತ್ತಾರೆಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಲೋಟಗಳಿಗೆ ಬಿಸಿ ಸೂಪ್ ಬಡಿಸುತ್ತಲೇ ವಿವರಿಸಿದಳು. ಅಲ್ಲಿ ಅದಕ್ಕೆ ಗೋಮಾಂಸ ಹಾಕುವುದು ವಾಡಿಕೆ. ನಾವು ತರಕಾರಿಯಲ್ಲಷ್ಟೇ ಮಾಡಿ, ಆ ವ್ಯತ್ಯಾಸವನ್ನು ಫಲಕದಲ್ಲಿ ಬರೆದಿದ್ದೆವು. ಹಾಗೆ ಬರೆದದ್ದು ಅಗತ್ಯವಾಗಿತ್ತೆಂದೇ ನನ್ನ ಅಭಿಪ್ರಾಯ. ಸಲಹೆ ನೀಡಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.